ಪಾಠದ ಕ್ರಮ: ಮೂಡಲ್ ವೇದಿಕೆಯಲ್ಲಿ ದೇವಶಾಸ್ತ್ರ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಧರ್ಮಕೇಂದ್ರಗಳಲ್ಲಿ ಪಾಲನಾ ತರಬೇತಿಯಲ್ಲಿದ್ದ ಗುರು ಅಭ್ಯರ್ಥಿಗಳಿಗಾಗಿ ನಾವು ಕ್ರಿಸ್ತಶಾಸ್ತ್ರದ ಪಾಠಗಳನ್ನು ಮೂಡಲ್ ಎಂಬ ಅಂತರ್ಜಾಲ ಕಲಿಕಾ ವೇದಿಕೆಗೆ ಏರಿಸಿದೆವು. ಹಲವು ವರ್ಷಗಳಿಂದ ಕೂಡಿಟ್ಟ ಟಿಪ್ಪಣಿಗಳು, ಸ್ಕ್ಯಾನ್ ಮಾಡಿದ ಅಧ್ಯಾಯಗಳು, ಸ್ಲೈಡುಗಳು, ಧ್ವನಿಮುದ್ರಣಗಳು ಎಲ್ಲವೂ ಅಲ್ಲಿದ್ದವು. ಯಾವುದಕ್ಕೂ ಕೊರತೆಯಿರಲಿಲ್ಲ. ಕೆಲವು ವಾರಗಳ ತರುವಾಯ ಸೊರಬದ ಕಡೆಯಿದ್ದ ಅಭ್ಯರ್ಥಿಯೊಬ್ಬರ ಪ್ರಬಂಧ ನಮ್ಮ ಕೈಸೇರಿತು. ಕಾಲ್ಸಿಡೋನ್ ಮಹಾಸಭೆಯ ವಿಶ್ವಾಸಸೂತ್ರವನ್ನು ಅದು ಕಟುವಾಗಿ ವಿಮರ್ಶಿಸಿತ್ತು. ಆದರೆ 451ರ ಆ ಸೂತ್ರವು ಹೇಳುವುದೇನೆಂಬುದು ಮಾತ್ರ ಎಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ ಕಾರಣ ತಿಳಿಯಿತು. ಆಧುನಿಕ ದೇವಶಾಸ್ತ್ರಜ್ಞರ ಆಕ್ಷೇಪಗಳ ಕಡತವು ಪುಟದ ಮೇಲ್ತುದಿಯಲ್ಲಿತ್ತು. ಸೂತ್ರದ ಪಠ್ಯವು 'ಇತರೆ' ಎಂಬ ಫೋಲ್ಡರಿನ ತಳದಲ್ಲಿತ್ತು. ಅವರು ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿದ್ದರು. ಓದುವವರು ಮಾಡುವುದು ಅದನ್ನೇ. ದೋಷ ನಮ್ಮದು.

2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರು ಹೊರತಂದ ಈ ತಂತ್ರಾಂಶವನ್ನು ಇಂದು ಅನೇಕ ವಿದ್ಯಾಸಂಸ್ಥೆಗಳು ಬಳಸುತ್ತಿವೆ. ಅದರಲ್ಲಿ ಪಾಠವನ್ನು ವಾರಗಳ ಪ್ರಕಾರವಾಗಲಿ ವಿಷಯಗಳ ಪ್ರಕಾರವಾಗಲಿ ಭಾಗಗಳನ್ನಾಗಿ ವಿಂಗಡಿಸಬಹುದು. ಅಧ್ಯಾಪಕರಲ್ಲಿ ಬಹುಪಾಲು ಮಂದಿ ಈ ಎರಡನ್ನೂ ಬಿಟ್ಟು ಮೂರನೆಯದೊಂದನ್ನು ಹಿಡಿಯುತ್ತೇವೆ: ಪಿಡಿಎಫ್‌ಗಳೆಲ್ಲ ಒಂದು ಕಡೆ, ಸ್ಲೈಡುಗಳು ಇನ್ನೊಂದು ಕಡೆ, ವೀಡಿಯೊಗಳು ಮತ್ತೊಂದು ಕಡೆ. ಇದು ಕಪಾಟನ್ನು ಜೋಡಿಸುವ ರೀತಿ. ಪುಸ್ತಕ ಎಲ್ಲಿದೆಯೆಂದು ಬಲ್ಲವನಿಗೆ ಅದು ಅನುಕೂಲ; ಯಾವುದನ್ನು ಮೊದಲು ಓದಬೇಕೆಂದು ಅರಿಯದವನಿಗೆ ಅದರಿಂದ ಏನೂ ದೊರೆಯದು.

ಈ ತೊಡಕು ಹೊಸದಲ್ಲ. ಸಂತ ತೋಮಾಸ್ ಅಕ್ವಿನಾಸರು 'ಸುಮ್ಮಾ ತಿಯಲಾಜಿಯೆ'ಯ ಮುನ್ನುಡಿಯಲ್ಲಿ, ಹೊಸದಾಗಿ ಕಲಿಯುವವರನ್ನು ತಡೆಯುವ ಮೂರು ಅಡ್ಡಿಗಳನ್ನು ಗುರುತಿಸುತ್ತಾರೆ. ಅನಗತ್ಯ ಪ್ರಶ್ನೆಗಳೂ ವಾದಗಳೂ ಬೆಳೆಯುತ್ತ ಹೋಗುವುದು ಮೊದಲನೆಯದು. ಶಾಸ್ತ್ರದ ಕ್ರಮವನ್ನು ಬಿಟ್ಟು, ವ್ಯಾಖ್ಯಾನಿಸುತ್ತಿರುವ ಗ್ರಂಥದ ಅಥವಾ ಒದಗಿಬಂದ ಚರ್ಚೆಯ ಜಾಡಿನಲ್ಲಿ ಬೋಧಿಸುವುದು ಎರಡನೆಯದು. ಒಂದನ್ನೇ ಮತ್ತೆ ಮತ್ತೆ ಹೇಳಿ ಬೇಸರವನ್ನೂ ಗೊಂದಲವನ್ನೂ ಹುಟ್ಟಿಸುವುದು ಮೂರನೆಯದು. ನಮ್ಮ ಮೂಡಲ್ ಪುಟವನ್ನು ಪಕ್ಕದಲ್ಲಿಟ್ಟುಕೊಂಡು ಆ ಮುನ್ನುಡಿಯನ್ನು ಓದಿದಾಗ ನಾಚಿಕೆಯಾಯಿತು. ಮೂರೂ ಅಲ್ಲಿದ್ದವು, ಒಂದೇ ಟಿಪ್ಪಣಿ ನಾಲ್ಕು ಹೆಸರುಗಳಲ್ಲಿ ನಾಲ್ಕು ಕಡೆ ಇತ್ತು.

ಹಾಗಾದರೆ ಶಾಸ್ತ್ರದ ಕ್ರಮ ಯಾವುದು? ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ, ಗುರುಗಳ ತರಬೇತಿಯನ್ನು ಕುರಿತ 'ಒಪ್ತಾತಾಂ ತೋತಿಯುಸ್' ಆಜ್ಞಾಪತ್ರದ 16ನೆಯ ಪರಿಚ್ಛೇದವು ಅದನ್ನು ಸ್ಪಷ್ಟವಾಗಿಯೇ ಸೂಚಿಸಿದೆ. ಮೊದಲು ಪವಿತ್ರ ಗ್ರಂಥದ ವಿಷಯಗಳು. ಬಳಿಕ ಪೂರ್ವ ಹಾಗೂ ಪಶ್ಚಿಮ ಧರ್ಮಸಭೆಗಳ ಪಿತೃಗಳ ಕೊಡುಗೆ ಮತ್ತು ವಿಶ್ವಾಸಸತ್ಯದ ಮುಂದಿನ ಇತಿಹಾಸ. ಆಮೇಲೆ ಸಂತ ತೋಮಾಸರ ಮಾರ್ಗದರ್ಶನದಲ್ಲಿ ತಾತ್ವಿಕ ಪರಿಶೀಲನೆ. ಕೊನೆಗೆ ಅದೇ ರಹಸ್ಯವನ್ನು ಆರಾಧನಾವಿಧಿಯಲ್ಲಿಯೂ ಧರ್ಮಸಭೆಯ ಬದುಕಿನಲ್ಲಿಯೂ ಕಾಣುವುದು. ಈಗ ನಮ್ಮ ಪ್ರತಿಯೊಂದು ಭಾಗದ ಒಳಗೂ ಇದೇ ಕ್ರಮವಿದೆ. 'ಎರಡು ಸ್ವಭಾವಗಳು, ಒಬ್ಬ ವ್ಯಕ್ತಿ' ಎಂಬ ಭಾಗವನ್ನು ತೆರೆದರೆ ಮೊದಲು ಸಿಗುವುದು ಯೊವಾನ್ನರ ಶುಭಸಂದೇಶದ ಪೀಠಿಕೆ. ತರುವಾಯ ಅಲೆಕ್ಸಾಂಡ್ರಿಯದ ಸಂತ ಸಿರಿಲರು, 449ರ ಸಂತ ಲಿಯೋ ಅವರ ಪತ್ರ, ಆನಂತರ ಕಾಲ್ಸಿಡೋನ್ ಸೂತ್ರ. ಆಧುನಿಕರ ಆಕ್ಷೇಪಗಳನ್ನು ನಾವು ತೆಗೆದುಹಾಕಿಲ್ಲ. ಅವು ಸೂತ್ರದ ನಂತರ ಬರುತ್ತವೆ, ಅಷ್ಟೆ. ಪ್ರತಿ ಭಾಗದ ನೆತ್ತಿಯ ಮೇಲೆ ನಾಲ್ಕು ಸಾಲಿನ ಮಾರ್ಗಸೂಚಿಯಿದೆ: ಯಾವುದು ಕಡ್ಡಾಯ, ಯಾವುದು ಬಯಸಿದವರಿಗೆ, ಓದಲು ಎಷ್ಟು ಹೊತ್ತು ಬೇಕು.

ಹಿಂದಿನದನ್ನು ಮುಗಿಸದೆ ಮುಂದಿನದು ತೆರೆಯದಂತೆ ಬೀಗ ಹಾಕುವ ಸೌಲಭ್ಯವೂ ಮೂಡಲ್‌ನಲ್ಲಿದೆ. ಕೆಲವು ಸಹೋದ್ಯೋಗಿಗಳು ಅದನ್ನು ಮೆಚ್ಚುತ್ತಾರೆ, ನಾವು ಬಳಸುವುದಿಲ್ಲ. ನಾಳೆ ಧರ್ಮಕೇಂದ್ರವೊಂದರ ಹೊಣೆ ಹೊರಬೇಕಾದವರಿಗೆ ದಾರಿಯನ್ನು ತೋರಿಸಬೇಕೇ ಹೊರತು ಬಾಗಿಲನ್ನು ಮುಚ್ಚಬಾರದು. ಓದಿ ಮುಗಿಸಿದ್ದನ್ನು ಗುರುತುಹಾಕಿಕೊಳ್ಳುವ ಚೌಕವೇ ಸಾಕು.

ಇನ್ನು ಕನ್ನಡದ್ದೇ ಆದ ಒಂದು ತೊಂದರೆ. ನಮ್ಮ ಪೀಳಿಗೆಯವರು ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ವರ್ಡ್ ಕಡತಗಳು ಅಭ್ಯರ್ಥಿಯ ಮೊಬೈಲಿನಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ತಿದ್ದಿ, ವೇದಿಕೆಯ ಪುಟವಾಗಿಯೇ ಅಂಟಿಸುವುದು ಉತ್ತಮ. ಅಂಥ ಪುಟ ಹಗುರ, ಫೋನಿನ ಪರದೆಗೆ ಹೊಂದಿಕೊಳ್ಳುತ್ತದೆ, ಪದವನ್ನು ಹುಡುಕಿದರೆ ಸಿಗುತ್ತದೆ. ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಇವು ಯಾವುವೂ ಇಲ್ಲ. ಮೂಡಲ್ ಆ್ಯಪ್‌ನಲ್ಲಿ ಒಂದು ಭಾಗವನ್ನು ಪೂರ್ತಿಯಾಗಿ ಇಳಿಸಿಕೊಂಡು ನೆಟ್‌ವರ್ಕ್ ಇಲ್ಲದೆಡೆಯೂ ಓದಬಹುದು. ಆದುದರಿಂದ ಪ್ರತಿ ಭಾಗವೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಮಳೆಗಾಲದಲ್ಲಿ ಕರೆಂಟು ಹೋದ ಮಲೆನಾಡಿನ ಹಳ್ಳಿಯಲ್ಲಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಗೆ ಅಭ್ಯರ್ಥಿಗಳೊಡನೆ ಹೋಗಿದ್ದಾಗ ಕೋಡಿಯ ಮಠದ 1162ರ ಶಾಸನದ ವಿಷಯ ಮಾತಿಗೆ ಬಂದಿತು. ಅಲ್ಲಿ ಕಲಿಸುತ್ತಿದ್ದ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳನ್ನು ಹೆಸರಿಸುವ ಆ ಶಾಸನವು, ದೀನರಿಗೂ ಅಂಗವಿಕಲರಿಗೂ ಅನ್ನವಿಕ್ಕುವುದನ್ನು, ರೋಗಿಗಳಿಗೆ ಔಷಧ ಕೊಡುವುದನ್ನು ಅದೇ ಓಟದಲ್ಲಿ ಹೇಳುತ್ತದೆ. ನಮ್ಮ ಪುಟದಲ್ಲಿ ಪಾಲನಾ ಕಾರ್ಯಕ್ಕೆ ಪ್ರತ್ಯೇಕ ಫೋಲ್ಡರಿತ್ತು. ಅದನ್ನು ಯಾರೂ ತೆರೆಯುತ್ತಿರಲಿಲ್ಲ. ಈಗ ಅದನ್ನು ಒಡೆದು ಪ್ರತಿ ಭಾಗದ ಕೊನೆಯ ಮೆಟ್ಟಿಲಿಗೆ ಹಂಚಿದ್ದೇವೆ. ಬಲಿಪೂಜೆಯಲ್ಲಿ ದ್ರಾಕ್ಷಾರಸಕ್ಕೆ ನೀರು ಬೆರೆಸುವಾಗ ಗುರುವು ಮೆಲ್ಲನೆ ಹೇಳುವ ಪ್ರಾರ್ಥನೆಯನ್ನು ಕಾಲ್ಸಿಡೋನ್ ಸೂತ್ರದೊಂದಿಗೆ ಇಟ್ಟು ಓದುವುದು, ಬಳಿಕ ಅದನ್ನು ಧರ್ಮಕೇಂದ್ರದ ಒಂದು ಮನೆಯಲ್ಲಿ ವಿವರಿಸುವುದು ಅಲ್ಲಿನ ಅಭ್ಯಾಸ.

ಸೊರಬದ ಅದೇ ಅಭ್ಯರ್ಥಿ ಹೊಸ ಕ್ರಮದಲ್ಲಿ ಓದಿ ಪ್ರಬಂಧವನ್ನು ಮತ್ತೆ ಬರೆದರು. ವಿಮರ್ಶೆ ಉಳಿದಿತ್ತು, ಆದರೆ ಸೂತ್ರವನ್ನು ಅರಿತ ವಿಮರ್ಶೆಯಾಗಿತ್ತು. ಜೊತೆಗೆ ಒಂದು ಪ್ರಶ್ನೆಯನ್ನೂ ಕಳುಹಿಸಿದ್ದರು. 'ಸ್ವಭಾವ' ಎಂದರೆ ನಮ್ಮ ಜನರಿಗೆ ಗುಣನಡತೆ. ಯೇಸುವಿಗೆ ಎರಡು ಸ್ವಭಾವ ಎಂದೊಡನೆ ಅಡಿಕೆ ಸುಲಿಯುತ್ತಿದ್ದ ತಾಯಿಯೊಬ್ಬರು ಕೈ ನಿಲ್ಲಿಸಿ, ಅದು ಒಳ್ಳೆಯ ಮಾತಲ್ಲವಲ್ಲ ಸ್ವಾಮಿ ಎಂದರಂತೆ. ಬೇರೆ ಪದ ಯಾವುದು? ಒಪ್ಪುವಂಥ ಉತ್ತರ ನಮಗಿನ್ನೂ ದೊರೆತಿಲ್ಲ. ಆ ಪ್ರಶ್ನೆಯನ್ನು ಈಗ ಅದೇ ಭಾಗದಲ್ಲಿ, ಸೂತ್ರದ ಕೆಳಗೆ, ಚರ್ಚೆಗೆ ಇರಿಸಿದ್ದೇವೆ.