ಮಾರುತ್‌ಗೆ ಮುಪ್ಪು ಹಚ್ಚುವ ಕೆಲಸ

ಭದ್ರಾವತಿಯ ಉಕ್ಕಿನ ಕಾರ್ಖಾನೆಗೂ ಬೆಂಗಳೂರು ಕಸ್ತೂರಬಾ ರಸ್ತೆಯ ವಿಜ್ಞಾನ ವಸ್ತುಸಂಗ್ರಹಾಲಯಕ್ಕೂ ಒಬ್ಬರದೇ ಹೆಸರು, ವಿಶ್ವೇಶ್ವರಯ್ಯನವರದು. ಆ ಸಂಗ್ರಹಾಲಯದ ಆವರಣದಲ್ಲಿ ಎಚ್‌ಎಫ್-24 ಮಾರುತ್ ಯುದ್ಧವಿಮಾನವೊಂದು ನಿಂತಿದೆ. ಶಿವಮೊಗ್ಗ ಕಡೆಯಿಂದ ಶಾಲಾ ಪ್ರವಾಸಕ್ಕೆ ಹೋದ ಎಷ್ಟೋ ಮಕ್ಕಳು ವಿಮಾನವನ್ನು ಕೈಗೆಟಕುವಷ್ಟು ಹತ್ತಿರ ನೋಡಿದ್ದು ಅಲ್ಲೇ. ಅದರ ಪುಟ್ಟ ಮಾದರಿಯನ್ನು ಮನೆಯಲ್ಲಿ ಕಟ್ಟಹೊರಟವರಿಗೆ ಆಕಾರ ಬೇಗ ದಕ್ಕುತ್ತದೆ. ಸತಾಯಿಸುವುದು ಅದರ ವಯಸ್ಸು.

ಮೊದಲು ಹುಟ್ಟಿನ ಕಥೆ. 1956ರಲ್ಲಿ ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಮಾರುತ್ ರೂಪಿಸಲು ಭಾರತಕ್ಕೆ ಬಂದರು. ಎರಡನೇ ಮಹಾಯುದ್ಧದ ಫಾಕೆ-ವುಲ್ಫ್ 190 ಇವರ ಕೈಯದು. ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ ಪುಲ್ಕಿ-2 ಎಂಬ ಜೆಟ್ ರೂಪಿಸಿ, ಆಮೇಲೆ ಬೆಂಗಳೂರು ಸೇರಿದರು. ಅಲ್ಲಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನವರು ಲೋಹದ ವಿಮಾನ ಹಾರಿಸುವ ಮುಂಚೆ ಅದೇ ಆಕಾರದ, ಅದೇ ಅಳತೆಯ ಮರದ ಗ್ಲೈಡರ್ ಕಟ್ಟಿದರು. ಎಂಜಿನ್ ಇಲ್ಲ. 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಎಳೆಸಿಕೊಂಡು ಮೇಲಕ್ಕೊಯ್ದು ಬಿಟ್ಟು, ನಡತೆ ಪರೀಕ್ಷಿಸಿದರು. ಅಂದಮೇಲೆ ಮಾರುತ್‌ನ ಮೊದಲ ಅವತಾರವೇ ಮಾದರಿ! ಹವ್ಯಾಸಿಗಳು ಎದೆಯುಬ್ಬಿಸಿ ಹೇಳಿಕೊಳ್ಳಬಹುದಾದ ಸಂಗತಿ. ನಿಜವಾದ ಮಾರುತ್ 1961ರ ಜೂನ್ 17ರಂದು ಪೈಲಟ್ ಸುರಂಜನ್ ದಾಸ್ ಕೈಯಲ್ಲಿ ಹಾರಿತು. ತಯಾರಾದವು ಒಟ್ಟು 147. ಎಂಜಿನ್ನಿನ ಬಲ ಸಾಲದೆ ಅಂದುಕೊಂಡ ವೇಗ ಮಾತ್ರ ಸಿಗಲಿಲ್ಲ.

ವಿಮಾನದ ಉದ್ದ ಸುಮಾರು 15.87 ಮೀಟರ್. 72ರಲ್ಲಿ ಒಂದು ಪಾಲಿಗೆ ಇಳಿಸಿದರೆ 22 ಸೆಂಟಿಮೀಟರ್. ರೆಕ್ಕೆಯ ತುದಿಯಿಂದ ತುದಿಗೆ ಹನ್ನೆರಡೂವರೆ. ಪ್ಲಾಸ್ಟಿಕ್ ಹಾಳೆ ಕತ್ತರಿಸು, ಅಂಟಿಸು, ಪುಟ್ಟಿ ಮೆತ್ತು, ಸ್ಯಾಂಡ್ ಪೇಪರಿನಲ್ಲಿ ಉಜ್ಜು. ತಾಳ್ಮೆಯೊಂದಿದ್ದರೆ ಇಷ್ಟು ಯಾರಿಗಾದರೂ ಬರುತ್ತದೆ.

ಮುಪ್ಪು ಹಚ್ಚುವಲ್ಲಿ ಮಾತ್ರ ಭದ್ರಾವತಿಯ ಕಣ್ಣು ಮೋಸ ಮಾಡುತ್ತದೆ. ಗುಜರಿ ಅಂಗಡಿಯ ತಗಡು, ಹಳೇ ಗೇಟು, ನೀರಿನ ಟ್ಯಾಂಕು ಎಲ್ಲದರ ಮೇಲೂ ತುಕ್ಕು ನೋಡಿಯೇ ಬೆಳೆದವರಿಗೆ ಹಳತೆಂದರೆ ಕೆಂಗಂದು ಬಣ್ಣ. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹ, ಅದಕ್ಕೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಬಣ್ಣ ಎದ್ದುಹೋದಲ್ಲಿ ಕಾಣಬೇಕಾದದ್ದು ಬೆಳ್ಳಿಹೊಳಪು. ಅದೂ ಎಲ್ಲೆಂದರಲ್ಲಿ ಅಲ್ಲ: ಪೈಲಟ್ ಹತ್ತಿಳಿಯುವ ಕಡೆ, ತಂತ್ರಜ್ಞರು ಕಾಲಿಡುವ ರೆಕ್ಕೆಯ ಬುಡ, ಮರಳು ಬಡಿಯುವ ರೆಕ್ಕೆಯ ಮುಂದಿನ ಅಂಚು.

ಇದಕ್ಕೆ ಉಪ್ಪಿನ ಉಪಾಯವಿದೆ. ಮೊದಲು ಬೆಳ್ಳಿ ಬಣ್ಣ. ಕಾರಿಗೆ ಹೊಡೆಯುವ ಡ್ಯೂಕೊ ಆಗುತ್ತದೆ, ಆದರೆ ಪ್ರೈಮರ್ ಮೇಲೆ ತೆಳುವಾಗಿ ಹೊಡೆಯದಿದ್ದರೆ ಪ್ಲಾಸ್ಟಿಕ್ ಕರಗೀತು. ಒಣಗಿದ ಮೇಲೆ ಬೇಕಾದ ಕಡೆ ಕುಂಚದಿಂದ ನೀರು ಸವರಿ ಪುಡಿ ಉಪ್ಪು ಉದುರಿಸಬೇಕು. ಉಪ್ಪು ಕಚ್ಚಿಕೊಂಡ ಮೇಲೆ ಹಸಿರು, ಬೂದು ಅಕ್ರಿಲಿಕ್ ಮರೆಬಣ್ಣ ಸ್ಪ್ರೇ ಮಾಡಿ, ಆರಿದ ನಂತರ ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದರೆ ಹರಳು ಉದುರಿ ಕೆಳಗಿನ ಬೆಳ್ಳಿ ಇಣುಕುತ್ತದೆ. ಕಲ್ಲುಪ್ಪು ಬೇಡ. ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಕಲೆ ನಿಜದಲ್ಲಿ ಏಳು ಸೆಂಟಿಮೀಟರ್ ಆದೀತು. ಅಂಗೈಯಗಲ ಬಣ್ಣ ಎದ್ದ ವಿಮಾನವನ್ನು ಯಾವ ಸ್ಕ್ವಾಡ್ರನ್ ಹಾಗೇ ಬಿಟ್ಟೀತು?

ಸಂಗ್ರಹಾಲಯದ ವಿಮಾನ ನೋಡಿ ನಕಲು ಮಾಡುವುದೂ ನನಗೆ ಒಪ್ಪಿಗೆಯಿಲ್ಲ. ಅದಕ್ಕಾದದ್ದು ನಿಂತಲ್ಲೇ ಬೆಂಗಳೂರಿನ ಮಳೆಬಿಸಿಲು. 1971ರ ಯುದ್ಧದಲ್ಲಿ ಮಾರುತ್‌ಗಳು ರಾಜಸ್ಥಾನದ ಜೋಧಪುರ, ಉತ್ತರಲಾಯ್‌ನಿಂದ ಹಾರಿದವು. ಅಂಥ ಮಾರುತ್ ಬೇಕಿದ್ದರೆ ಬಿಸಿಲಿಗೆ ಮಂಕಾದ ಬೆನ್ನು, ಚಕ್ರದ ಗೂಡಿನಲ್ಲಿ ಮರಳುಬಣ್ಣದ ಧೂಳು. ಶಾಲೆಯ ಬಣ್ಣದ ಸೀಮೆಸುಣ್ಣ ಅರೆದರೆ ಆ ಧೂಳು ಸಿಕ್ಕಿತು. ಮೂತಿಯ ಇಕ್ಕೆಲದ 30 ಮಿ.ಮೀ. ಗನ್ನುಗಳ ಬಾಯಿಯಿಂದ ಹಿಂದಕ್ಕೆ ಮಸಿಯ ಎಳೆ, ಇದ್ದಿಲ ಪುಡಿಯದು, ಅದೂ ಕಂಡೂ ಕಾಣದಷ್ಟು.

ಕೊನೆಗೆ ಹೊಳಪು ಅಡಗಿಸುವ ಮ್ಯಾಟ್ ವಾರ್ನಿಷ್. ಇಲ್ಲಿ ಮಲೆನಾಡು ಅಡ್ಡ ಬರುತ್ತದೆ. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂತು, ವಾರ್ನಿಷ್ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಆಷಾಢ, ಶ್ರಾವಣದಲ್ಲಿ ಕತ್ತರಿಸುವುದು, ಉಜ್ಜುವುದು ಮುಗಿಸಿಕೊಂಡು, ವಾರ್ನಿಷ್ ಡಬ್ಬಿಯ ಮುಚ್ಚಳ ತೆಗೆಯುವುದನ್ನು ದೀಪಾವಳಿ ಕಳೆದ ಮೇಲಕ್ಕಿಟ್ಟುಕೊಳ್ಳುವುದು ಮೇಲು.