ಉದ್ಯೋಗಕ್ಕೆ ಮರಳುವ ತಾಯಿ

ಮೂವತ್ತು ವರುಷಗಳಿಗೂ ಮಿಗಿಲಾಗಿ ಶಾಲೆಯಲ್ಲಿ ಶಬ್ದರೂಪಗಳನ್ನು ಹೇಳಿಕೊಟ್ಟ ನಮಗೆ ತಾಯಂದಿರಿಗೆ ಹಿತವಚನವನ್ನು ಹೇಳುವ ಅಧಿಕಾರವೆಲ್ಲಿಯದೆಂದು ವಾಚಕ ಮಹಾಶಯರು ಕೇಳಬಹುದು. ಅಧಿಕಾರವಿಲ್ಲವೆಂದೇ ಒಪ್ಪುತ್ತೇವೆ. ಆದರೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ನಮ್ಮನ್ನು ಸುಮ್ಮನಿರಗೊಡದು.

ನಮ್ಮ ಹಿರಿಯ ಮಗಳು ಕಚೇರಿಯೊಂದರಲ್ಲಿ ಲೆಕ್ಕಪತ್ರದ ಕೆಲಸದಲ್ಲಿರುವಳು. ಚೊಚ್ಚಲ ಹೆರಿಗೆಗೆಂದು ತೌರಿಗೆ ಬಂದಳು. ಹೆರಿಗೆಯು ಸುಖವಾಗಿಯೇ ಆಯಿತು. ಆದರೆ ಎರಡು ತಿಂಗಳಾಗುವ ಹೊತ್ತಿಗೆ ಅವಳು ಮಗುವು ಅತ್ತರೂ ಎತ್ತಿಕೊಳ್ಳದೆ ಗೋಡೆಯ ಕಡೆಗೆ ಮುಖಮಾಡಿ ಮಲಗುತ್ತಿದ್ದಳು. ಕೂಸು ಮಲಗಿದಾಗಲೂ ಅವಳಿಗೆ ನಿದ್ರೆಯಿಲ್ಲ. "ನಿನ್ನ ತಾಯಿ ನಾಲ್ವರನ್ನು ಹೆತ್ತು ಸಾಕಲಿಲ್ಲವೇನಮ್ಮ?" ಎಂದೆವು. ಧೈರ್ಯ ಹೇಳಿದೆವೆಂದೇ ನಮ್ಮ ಎಣಿಕೆ. ಅಂದಿನಿಂದ ಅವಳು ನಮ್ಮೊಡನೆ ಮಾತನ್ನೇ ಬಿಟ್ಟಳು. ಕಡೆಗೆ ನಮ್ಮ ಗೃಹಿಣಿಯು ನಮ್ಮನ್ನು ಕೇಳದೆಯೇ ಅವಳನ್ನು ವೈದ್ಯರಲ್ಲಿಗೆ ಕರೆದೊಯ್ದುದರಿಂದ ಮಗಳು ಉಳಿದಳು.

ಹೆರಿಗೆಯಾದ ಮೊದಲ ಹತ್ತು ಹದಿನೈದು ದಿನಗಳಲ್ಲಿ ಮನಸ್ಸು ಕಲಕಿ ಕಣ್ಣೀರು ಬರುವುದು ಸಾಧಾರಣ. ಎರಡು ವಾರ ಕಳೆದ ಮೇಲೆಯೂ ದುಃಖ, ನಿದ್ರಾನಾಶ, ಮಗುವಿನಲ್ಲಿ ನಿರಾಸಕ್ತಿ ಇವು ನಿಂತಿದ್ದರೆ ಅದು ವ್ಯಾಧಿಯೇ ಹೊರತು ಸ್ವಭಾವದೋಷವಲ್ಲ, ಚಿಕಿತ್ಸೆಯಿಂದ ಗುಣವಾಗತಕ್ಕದ್ದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇಂಥ ತಾಯಂದಿರನ್ನು ಕೂಸಿನೊಡನೆಯೇ ಇರಿಸಿಕೊಂಡು ಉಪಚರಿಸುವ ವಿಭಾಗವುಂಟು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದುಡ್ಡಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು. ತನಗಾಗಲಿ ಮಗುವಿಗಾಗಲಿ ಕೇಡು ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.

ಇನ್ನು ಪಥ್ಯದ ವಿಷಯ. ಸುಶ್ರುತನು ಸೂತಿಕೆಗೆ ಒಂದೂವರೆ ತಿಂಗಳ ನಿಯಮವನ್ನು ಹೇಳಿದನು. ಈಗಿನ ವೈದ್ಯರ ಆರು ವಾರಕ್ಕೆ ಇದು ಹೆಚ್ಚುಕಡಮೆ ಸರಿಹೋಗುತ್ತದೆ. ಆದರೆ ಬಾಣಂತಿಗೆ ನೀರು ಕೊಡಬಾರದೆಂಬ ನಮ್ಮ ಅಜ್ಜಿಯರ ಕಟ್ಟಳೆಯನ್ನು ಬಿಡಲೇಬೇಕು; ಹಾಲೂಡುವವಳು ಬಾಯಾರಿದಾಗಲೆಲ್ಲ ಕುಡಿಯಲಿ. ರಾಗಿಯ ನೂರು ಗ್ರಾಮಿನಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ; ಸೊಪ್ಪು, ಬೇಳೆ, ನಿಂಬೆಯ ರಸ ಅದರೊಡನಿರಲಿ. ಹೆರಿಗೆಯಾದ ಮೇಲೆ 180 ದಿನ ಕಬ್ಬಿಣಾಂಶದ ಗುಳಿಗೆಯನ್ನು ಕೊಡುವುದು ಸರಕಾರದ ಕ್ರಮ. ಗುಳಿಗೆಯ ಬೆನ್ನಿಗೇ ಕಾಫಿ ಕುಡಿದರೆ ಅದರ ಗುಣವು ಕುಂದುತ್ತದೆ. ಕಾಫಿಯ ಮಾತೆತ್ತಿದರೆ ನಮ್ಮ ಮನೆಯಲ್ಲಿ ಕಲಹವಾಗುವುದರಿಂದ ಇಲ್ಲಿಗೆ ನಿಲ್ಲಿಸುವೆವು.

ಉದ್ಯೋಗಸ್ಥೆಯು ತನ್ನ ಹಕ್ಕನ್ನು ಅರಿತಿರಬೇಕು. 1961ರ ಹೆರಿಗೆ ಸೌಲಭ್ಯದ ಕಾಯಿದೆಯನ್ನು 2017ರಲ್ಲಿ ತಿದ್ದಿ, ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆಯನ್ನು ವಿಧಿಸಲಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಕೆಲಸಕ್ಕೆ ಮರಳಿದ ಮೇಲೆ, ಮಗುವಿಗೆ 15 ತಿಂಗಳು ತುಂಬುವ ತನಕ, ಹಾಲೂಡುವುದಕ್ಕಾಗಿ ದಿನಕ್ಕೆ ಎರಡು ಬಿಡುವುಗಳುಂಟು. ಐವತ್ತು ಮಂದಿ ಕೆಲಸ ಮಾಡುವಲ್ಲಿ ಶಿಶುಗೃಹವಿರಬೇಕು. ನಮ್ಮ ಮಗಳ ಕಚೇರಿಯಲ್ಲಿ ಈ ಬಿಡುವನ್ನು ಕೇಳಿದವರೇ ಇರಲಿಲ್ಲವಂತೆ. ಅವಳು ಬರವಣಿಗೆಯಲ್ಲಿ ಕೇಳಿದಳು, ದೊರೆಯಿತು.

ಮನೆ ದೂರವಾದರೆ ಹಾಲನ್ನು ಹಿಂಡಿ ಇಡಬಹುದು. ಕೈಯನ್ನೂ ಮುಚ್ಚಳವುಳ್ಳ ಪಾತ್ರೆಯನ್ನೂ ಚೆನ್ನಾಗಿ ತೊಳೆದಿರಬೇಕು. ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇಡಬಹುದು; ಸೆಕೆಯ ದಿನಗಳಲ್ಲಿ ಅಷ್ಟೂ ಕಾಯದೆ ಶೀತಪೆಟ್ಟಿಗೆಯೊಳಗಿಟ್ಟು ಒಂದು ದಿನದೊಳಗೆ ಬಳಸಬೇಕು. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಪಾತ್ರೆಯನ್ನಿಟ್ಟರೆ ಸಾಕು. ಶೀಸೆಗಿಂತ ಒಳಲೆಯೇ ಲೇಸು, ತೊಳೆಯುವುದು ಸುಲಭ.

ಮಗಳು ಕೆಲಸಕ್ಕೆ ಹೊರಟ ಮೊದಲ ದಿನ ಒಳಲೆಯು ನಮ್ಮ ಕೈಗೆ ಬಂದಿತು. ಅರ್ಧ ಹಾಲು ನಮ್ಮ ಅಂಗವಸ್ತ್ರದ ಮೇಲೆಯೇ ಚೆಲ್ಲಿತು. ಸಂಜೆ ಮನೆಗೆ ಬಂದವಳು ಅದನ್ನು ನೋಡಿ ನಕ್ಕಳು.