ವಠಾರದ ಬಾವಿ, ಮನೆಯ ಕೊಡ

ಸರಳ ಲೋಲಕದ ಪ್ರಯೋಗ ನಡೆದ ಒಂದು ದಿನ, ನನ್ನ ಮೂವರು ವಿದ್ಯಾರ್ಥಿಗಳ ದಾರಗಳ ಉದ್ದ ಬೇರೆ ಬೇರೆಯಾಗಿದ್ದರೂ ಸರಾಸರಿ ಆವರ್ತಕಾಲ ಮಾತ್ರ ಒಂದೇ ಆಗಿ ಬಂದಿತು. ನಕಲು ಮಾಡಿದ್ದೀರೆಂದು ಗದರಿಸಿದೆನು. ಅವರು ಅಳತೆಗಳನ್ನು ಗುರುತುಹಾಕಿಕೊಂಡ ಕಾಗದಗಳನ್ನು ಮುಂದಿಟ್ಟರು. ಅಂಕಿಗಳು ಬೇರೆಯಾಗಿಯೇ ಇದ್ದುವು. ತಪ್ಪು ಅವರದಲ್ಲ, ಲೆಕ್ಕಕ್ಕೆಂದು ಗಣಕಯಂತ್ರದಲ್ಲಿ ನಾನು ಬರೆದಿಟ್ಟಿದ್ದ ಪೈಥಾನ್ ಕ್ರಮವಿಧಿಯದು.

ಇದರ ಮೂಲವನ್ನು ತಿಳಿಯಲು ವರ್ಗ, ವಸ್ತು ಎಂಬ ಎರಡು ಕಲ್ಪನೆಗಳು ಬೇಕು. ನಾರ್ವೆಯ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನೈಗಾರ್ಡ್ ರೂಪಿಸಿದ ಸಿಮ್ಯುಲಾ ೬೭ ಭಾಷೆಯಲ್ಲಿ ಇವು ನೆಲೆಗೊಂಡುವು. ೧೯೯೧ರಲ್ಲಿ ಬೆಳಕು ಕಂಡ ಪೈಥಾನ್ ಅದೇ ಪರಂಪರೆಯದು. 'ಲೋಲಕ' ಎಂಬ ಸಾಮಾನ್ಯ ವಿವರಣೆ ವರ್ಗ. ಮೇಜಿನ ಮೇಲೆ ತೂಗುವ ಒಂದೊಂದು ಲೋಲಕವೂ ಆ ವರ್ಗದ ವಸ್ತು. ಬೆಲೆಯನ್ನು ಹಿಡಿದಿಡುವ ಹೆಸರಿಗೆ ಚರವೆನ್ನುವರು.

ಉದ್ದ ಆಯಾ ಲೋಲಕದ ಸ್ವಂತ ಗುಣ. ೧ ಮೀಟರ್ ಉದ್ದದ್ದು ಒಂದು ಆಂದೋಲನಕ್ಕೆ ಸುಮಾರು ೨ ಸೆಕೆಂಡು ತೆಗೆದುಕೊಂಡರೆ, ೨೫ ಸೆಂಟಿಮೀಟರಿನದು ಸುಮಾರು ೧ ಸೆಕೆಂಡು ತೆಗೆದುಕೊಳ್ಳುವುದು. ಗುರುತ್ವ ವೇಗೋತ್ಕರ್ಷವಾದರೋ, ಸೆಕೆಂಡಿಗೆ ಸೆಕೆಂಡಿಗೆ ೯.೮ ಮೀಟರ್, ಕೊಠಡಿಯ ಲೋಲಕಗಳಿಗೆಲ್ಲ ಒಂದೇ. ಮೊದಲನೆಯದು ವಸ್ತುಚರ, ಎರಡನೆಯದು ವರ್ಗಚರ. ವಠಾರಕ್ಕೆಲ್ಲ ಬಾವಿ ಒಂದು, ಕೊಡ ಮನೆಮನೆಗೊಂದು ಇದ್ದಂತೆ. ವರ್ಗದಲ್ಲಿ ೯.೮ನ್ನು ಅಳಿಸಿ ಚಂದ್ರನ ೧.೬೨ನ್ನು ಬರೆದರೆ, ಲೋಲಕಗಳೆಲ್ಲವೂ ಒಮ್ಮೆಗೇ ಚಂದ್ರನ ಮೇಲಿರುವಂತೆ ತೂಗುವುವು.

ಇಲ್ಲೊಂದು ಸೂಕ್ಷ್ಮವುಂಟು. ವಸ್ತುವಿನ ಮೂಲಕ ಒಂದು ಚರವನ್ನು ಕೇಳಿದಾಗ ಪೈಥಾನ್ ಮೊದಲು ವಸ್ತುವಿನೊಳಗೆ ಹುಡುಕುವುದು. ಅಲ್ಲಿ ಸಿಗದಿದ್ದರೆ ವರ್ಗದಲ್ಲಿ ನೋಡುವುದು. ವಸ್ತುವಿನ ಮೂಲಕ ಹೊಸ ಬೆಲೆಯನ್ನು ಕೊಟ್ಟರೆ, ಆ ವಸ್ತುವಿಗೆ ಸ್ವಂತ ಚರ ಹುಟ್ಟುವುದು, ವರ್ಗದ್ದು ಕದಲುವುದಿಲ್ಲ. ಆದರೆ ಪಟ್ಟಿಯೊಂದಕ್ಕೆ ಅಂಕಿಯನ್ನು ಸೇರಿಸುವುದೆಂದರೆ ಹೊಸ ಬೆಲೆ ಕೊಡುವುದಲ್ಲ. ಇರುವ ಪಟ್ಟಿಯನ್ನೇ ಬೆಳೆಸುವುದು. ಅಳತೆಗಳ ಬರಿದಾದ ಪಟ್ಟಿಯನ್ನು ನಾನು ವರ್ಗದಲ್ಲಿ ಇಟ್ಟುಬಿಟ್ಟಿದ್ದೆನು. ಮೂವರೂ ತಂತಮ್ಮ ಕೊಡಕ್ಕೆ ತುಂಬಿದೆವೆಂದುಕೊಂಡದ್ದೆಲ್ಲ ಬಾವಿಯನ್ನು ಸೇರಿತ್ತು. ಕೊನೆಗೆ ಸರಾಸರಿ ತೆಗೆದಾಗ ಮೂವರಿಗೂ ಅದೇ ನೀರು ಬಂದಿತು.

ವಸ್ತು ಹುಟ್ಟುವಾಗ ನಡೆಯುವ ಆರಂಭವಿಧಿಯೊಳಕ್ಕೆ ಆ ಒಂದು ಸಾಲನ್ನು ಸಾಗಿಸಿದೆನು. ಪ್ರತಿ ಲೋಲಕಕ್ಕೂ ಸ್ವಂತ ಪಟ್ಟಿ ದೊರೆತು ಉತ್ತರಗಳು ಬೇರೆಯಾದುವು. ಕ್ರಮವಿಧಿ ಬರೆಯುವವರು ಪ್ರತಿಯೊಂದು ಚರಕ್ಕೂ ಕೇಳಬೇಕಾದ ಪ್ರಶ್ನೆ ಇದು: ಇದು ಎಲ್ಲರದೋ, ಒಬ್ಬೊಬ್ಬರದೋ? ನಾನು ಕೇಳಿರಲಿಲ್ಲ. ಮರುದಿನ ತರಗತಿಯಲ್ಲಿ ಆ ಮೂವರ ಕ್ಷಮೆ ಬೇಡಿ, ಆ ಸಾಲನ್ನು ಕಪ್ಪುಹಲಗೆಯ ಮೇಲೆ ಬರೆದು ಪಾಠವನ್ನು ಆರಂಭಿಸಿದೆನು.